ಶ್ಲೋಕ ಯಾವಾಗ ಬಂತು ಎಂದು ಕೇಳು

ಪ್ರಿಯ ಗೆಳತಿ,

ನಿನ್ನ ಲೇಖನದ ಕರಡನ್ನು ಎರಡು ಸಲ ಓದಿದೆ. ಬಾಲ್ಯವಿವಾಹಕ್ಕೆ ಧರ್ಮವೇ ಮೂಲ ಎಂದು ಮೊದಲ ವಾಕ್ಯದಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀಯ. ಸಿಟ್ಟು ಇಷ್ಟವಾಯಿತು, ಅವಸರ ಇಷ್ಟವಾಗಲಿಲ್ಲ.

ನಿನ್ನ ವಯಸ್ಸಿನಲ್ಲಿ ನಾನೂ ಹಾಗೆಯೇ ಬರೆದಿದ್ದೆ. ಹದಿನಾಲ್ಕರ ಹುಡುಗಿಯೊಬ್ಬಳ ಮದುವೆ ನಡೆದ ಮನೆಗೆ ಹೋಗಿದ್ದೆ. ಅವಳ ಅಪ್ಪ ಅರ್ಧ ದಿನ ಮಾತನಾಡಿದ. ಅಕ್ಕನ ಮದುವೆಗೆ ಹಾಕಿದ ಚಪ್ಪರದಲ್ಲೇ ತಂಗಿಯದೂ ಮುಗಿದರೆ ಒಂದು ಮದುವೆಯ ಖರ್ಚು ಉಳಿಯುತ್ತದೆ ಎಂದ. ವಯಸ್ಸು ಏರಿದಂತೆ ವರದಕ್ಷಿಣೆಯೂ ಏರುತ್ತದೆ ಎಂದ. ಮೈನೆರೆದ ಮಗಳೆಂದರೆ ಸೆರಗಿನಲ್ಲಿ ಕಟ್ಟಿಕೊಂಡ ಕೆಂಡ ಎಂದ. ಶಾಸ್ತ್ರದ ಮಾತು ಬಂದದ್ದು ಕಟ್ಟಕಡೆಗೆ, ಇದು ತಪ್ಪಲ್ಲವೇ ಎಂದು ನಾನು ಕೇಳಿದ ಮೇಲೆ. ಹಿಂದಿರುಗಿ ಬಂದವನು ಆ ಕೊನೆಯ ಮಾತನ್ನಷ್ಟೇ ಬರೆದೆ, ಚಪ್ಪರವನ್ನು ಬಿಟ್ಟೆ. ಆ ಲೇಖನ ನೆನಪಾದರೆ ಇಂದಿಗೂ ಮುಜುಗರವಾಗುತ್ತದೆ.

ಹಾಗೆಂದು ಧರ್ಮವನ್ನು ಬಿಟ್ಟುಕೊಡಬೇಡ. ಖರ್ಚಿನ ಲೆಕ್ಕಕ್ಕೆ ಪಾಪದ ಭಯ ಸೇರಿದರೆ ಅದು ಕರ್ತವ್ಯವಾಗಿಬಿಡುತ್ತದೆ; ಆಮೇಲೆ ಅದರ ಜೊತೆ ವಾದಿಸುವುದು ಕಷ್ಟ. 'ಅಷ್ಟವರ್ಷಾ ಭವೇದ್ ಗೌರೀ' ಶ್ಲೋಕವನ್ನು ಉಲ್ಲೇಖಿಸಿದ್ದೀಯ. ಎಂಟರವಳು ಗೌರಿ, ಒಂಬತ್ತರವಳು ರೋಹಿಣಿ, ಹತ್ತರವಳು ಕನ್ಯೆ, ಅಲ್ಲಿಂದ ಮುಂದೆ ರಜಸ್ವಲೆ. ಸರಿ. ಆದರೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವನ್ನೂ ತೆರೆದು ನೋಡು. ಮೂವತ್ತರ ಗಂಡಿಗೆ ಹನ್ನೆರಡರ ಹೆಣ್ಣು ಎನ್ನುವುದು ಅಲ್ಲಿದೆ. ಗುಣವಿಲ್ಲದವನಿಗೆ ಕೊಡುವುದಕ್ಕಿಂತ ಋತುಮತಿಯಾದ ಮಗಳು ಸಾಯುವವರೆಗೂ ತಂದೆಯ ಮನೆಯಲ್ಲೇ ಇರಲಿ ಎನ್ನುವುದೂ ಅಲ್ಲೇ ಇದೆ, ಐದು ಶ್ಲೋಕಗಳ ಹಿಂದೆ. ಈ ಮಾತನ್ನು ಮದುವೆಮನೆಯಲ್ಲಿ ಯಾರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಬೇರೆ ಧರ್ಮಗಳನ್ನು ಎರಡು ಸಾಲಿನಲ್ಲಿ ಮುಗಿಸಿದ್ದೀಯ. ಬಾಲ್ಯದಲ್ಲಿ ಹಿರಿಯರು ಮಾಡಿದ ನಿಕಾಹವನ್ನು ಪ್ರಾಯಕ್ಕೆ ಬಂದ ಮೇಲೆ ತಿರಸ್ಕರಿಸುವ 'ಖಿಯಾರ್-ಉಲ್-ಬುಲೂಗ್' ಎಂಬ ಹಕ್ಕು ಇಸ್ಲಾಮಿನ ನ್ಯಾಯಪರಂಪರೆಯಲ್ಲೇ ಇದೆ. ನಮ್ಮಲ್ಲಿ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಲ್ಲೂ ಅದಕ್ಕೆ ಜಾಗ ಸಿಕ್ಕಿತು. ಕ್ಯಾಥೊಲಿಕ್ ಚರ್ಚು ಶತಮಾನಗಳ ಕಾಲ ಮದುವೆಗೆ ಹುಡುಗಿಗೆ 12 ವರ್ಷ ಸಾಕೆನ್ನುತ್ತಿದ್ದು, 1917ರ ತನ್ನ ಕಾನೂನು ಸಂಹಿತೆಯಲ್ಲಿ 14ಕ್ಕೆ ಏರಿಸಿತು. ಬದಲಾಗಬಾರದ್ದೆಂದು ಹೇಳಿಕೊಂಡದ್ದೂ ಬದಲಾಗಿದೆ. ನಿನ್ನ ಲೇಖನಕ್ಕೆ ಬೇಕಾದದ್ದು ಇದು.

1891ರ ಜಗಳವನ್ನಂತೂ ಬಿಡಲೇಬೇಡ. ಕಲ್ಕತ್ತೆಯಲ್ಲಿ ಹತ್ತು-ಹನ್ನೊಂದರ ಫೂಲ್‌ಮಣಿ ಗಂಡನ ಬಲಾತ್ಕಾರದಿಂದ ಸತ್ತಿದ್ದಳು. ಲೈಂಗಿಕ ಸಂಬಂಧಕ್ಕೆ ಹೆಣ್ಣಿನ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಮಸೂದೆ ಬಂದಾಗ, ಮೈನೆರೆದ ಹೆಂಡತಿಯನ್ನು ಗಂಡನೊಡನೆ ಕೂಡಿಸುವ ಗರ್ಭಾಧಾನ ಸಂಸ್ಕಾರಕ್ಕೆ ಭಂಗವೆಂದು ಸಂಪ್ರದಾಯಸ್ಥರು ಎದ್ದು ನಿಂತರು. ನಮ್ಮ ಧರ್ಮದಲ್ಲಿ ಪರಕೀಯ ಸರ್ಕಾರ ಕೈಹಾಕುವುದು ಬೇಡವೆಂದು ತಿಲಕರೂ ವಿರೋಧಿಸಿದರು. ಸಂಸ್ಕೃತ ವಿದ್ವಾಂಸ ರಾಮಕೃಷ್ಣ ಗೋಪಾಲ ಭಂಡಾರಕರರು ಅದೇ ಧರ್ಮಶಾಸ್ತ್ರಗಳನ್ನು ಬಿಡಿಸಿ, ಪ್ರಾಯಕ್ಕೆ ಬಂದ ಮೇಲಿನ ಮದುವೆಗೆ ಆಧಾರ ತೋರಿಸಿದರು. ಅದಕ್ಕೂ ಮೊದಲೇ, 1885ರಲ್ಲಿ, ಹನ್ನೊಂದಕ್ಕೆ ಮದುವೆಯಾಗಿದ್ದ ರಖಮಾಬಾಯಿ 'ಒಬ್ಬ ಹಿಂದೂ ಮಹಿಳೆ' ಎಂಬ ಹೆಸರಿನಲ್ಲಿ ಬಾಲ್ಯವಿವಾಹದ ವಿರುದ್ಧ ಪತ್ರಿಕೆಗೆ ಪತ್ರ ಬರೆದಿದ್ದಳು. ಗಂಡ ಹೂಡಿದ ದಾವೆಯಲ್ಲಿ 1887ರಲ್ಲಿ ಕೋರ್ಟು ಅವನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು ಎಂದಾಗ, ಜೈಲೇ ಆಗಲಿ ಎಂದಳು. ಮುಂದೆ ವೈದ್ಯೆಯಾದಳು. ಪಂಡಿತರ ವಾದಗಳಿಗೆ ನಾಲ್ಕು ಪುಟ ಕೊಟ್ಟ ನಿನ್ನ ಕರಡಿನಲ್ಲಿ ಅವಳ ಹೆಸರೇ ಇಲ್ಲ.

ಇನ್ನು ನಿನ್ನ ಕರಡಿನ ಹುಡುಗಿಯ ಮದುವೆ ಮಾಡಿಸಿದ ಪುರೋಹಿತರು. ಅವರನ್ನು ಮಂತ್ರ ಹೇಳುವ ಗೊಂಬೆ ಮಾಡಿದ್ದೀಯ. ಬಾಲ್ಯವಿವಾಹ ನಡೆಸಿಕೊಟ್ಟವರಿಗೂ 2006ರ ನಿಷೇಧ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಅರ್ಚಕರೋ ಖಾಜಿಯೋ ಪಾದ್ರಿಯೋ ಎಂಬ ಭೇದವಿಲ್ಲ. ಕರ್ನಾಟಕವಂತೂ 2016ರ ತಿದ್ದುಪಡಿಯಲ್ಲಿ ಇಂಥ ಮದುವೆ ಆರಂಭದಿಂದಲೇ ಅಸಿಂಧು ಎಂದಿದೆ. ಹಾಗಾದರೆ ತಾಳಿ ಕಟ್ಟಿಸಿದವರು ಹುಡುಗಿಯ ವಯಸ್ಸಿನ ದಾಖಲೆ ಕೇಳಿದ್ದರೇ? ಕೇಳದಿರಲು ಏನು ಕಾರಣ ಕೊಟ್ಟರು? ಮತ್ತೊಮ್ಮೆ ಹೋಗಿ ಮಾತನಾಡಿಸು. ಬೈಯಲು ಹೋಗಬೇಡ, ಬೈಯುವವರ ಎದುರು ಯಾರೂ ನಿಜ ಹೇಳುವುದಿಲ್ಲ.

ಕೊನೆಯ ಪುಟದಲ್ಲಿ ದೇವಸ್ಥಾನದ ಹೆಸರೂ ಹುಡುಗಿ ಓದುತ್ತಿದ್ದ ತರಗತಿಯೂ ಬಂದಿವೆ. ಅವೆರಡು ಸಾಕು, ಇಡೀ ತಾಲ್ಲೂಕಿಗೆ ಅವಳು ಯಾರೆಂದು ತಿಳಿಯಲು. ತೆಗೆದುಹಾಕು. ತಿದ್ದಿದ ಪ್ರತಿ ಕಳಿಸುವಾಗ ಅಂಚಿನಲ್ಲಿ ಸ್ವಲ್ಪ ಜಾಗ ಬಿಡು. ಈ ಸಲ ನನ್ನ ಪೆನ್ನಿಗೆ ಉಸಿರಾಡಲೂ ಜಾಗವಿರಲಿಲ್ಲ.

ನಿನ್ನ ಹಿರಿಯ ಗೆಳೆಯ