ಸೋಮವಾರದಿಂದ ನೈಟ್ ಡ್ಯೂಟಿ ಬದಲಾವಣೆ

ಸಿಸ್ಟರ್ಸ್, ಬ್ರದರ್ಸ್, ಎಲ್ಲರಿಗೂ ನಮಸ್ಕಾರ.

ಸೋಮವಾರದಿಂದ ನಮ್ಮ ಐಸಿಯು ಮತ್ತು ಮೆಡಿಕಲ್ ವಾರ್ಡ್‌ನಲ್ಲಿ ಯಾರಿಗೂ ಸತತ 3 ನೈಟ್‌ಗಿಂತ ಜಾಸ್ತಿ ಹಾಕುವುದಿಲ್ಲ. ಆಮೇಲೆ 2 ದಿನ ಆಫ್.

ಊಟಕ್ಕೆ ಅರ್ಧ ಗಂಟೆ ಹೋಗಲೇಬೇಕು. ಆ ಹೊತ್ತು ಜೊತೆಯವರು ನಿಮ್ಮ ಪೇಷೆಂಟ್‌ಗಳನ್ನು ನೋಡಿಕೊಳ್ಳಲಿ. ಮೊನ್ನೆ ಬೆಳಗ್ಗೆ ಹ್ಯಾಂಡೋವರ್ ಹೊತ್ತಿಗೆ ಒಬ್ಬರ ಡಬ್ಬಿಯ ಮುಚ್ಚಳವನ್ನೂ ತೆಗೆದಿರಲಿಲ್ಲ, ಚಪಾತಿ ಹಾಗೇ ಒಣಗಿತ್ತು. ನೋಡಿ ಕರುಳು ಚುರ್ ಎಂದಿತು. ಈ ವರ್ಷ ಕೆಲಸ ಬಿಟ್ಟ ಮೂವರೂ ನನ್ನ ಹತ್ತಿರ ಹೇಳಿದ್ದು ಸುಸ್ತಿನ ಮಾತೇ ಅಲ್ವಾ.

ಮನಸ್ಸು ಭಾರವಾದರೆ ಸುಮ್ನೆ ನುಂಗಿಕೊಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಯಾವ ದಿನ ನೈಟ್ ಆಗುವುದಿಲ್ಲ ಅಂತ ಶನಿವಾರ ಸಂಜೆ 5ರೊಳಗೆ ಇಲ್ಲೇ ಬರೆಯಿರಿ. ಗರ್ಭಿಣಿಯರು, ಪುಟ್ಟ ಮಕ್ಕಳಿರುವವರು ಸಂಕೋಚ ಬಿಟ್ಟು ಮೊದಲು ಹೇಳಿ.