ಕೊಲ್ಹಾಪುರದ ಶೈಕ್ಷಣಿಕ ಪ್ರವಾಸದಲ್ಲಿ ಆದ ಸೇವಾಲೋಪದ ಬಗ್ಗೆ ದೂರು

ಇವರಿಂದ:
ಇತಿಹಾಸ ಶಿಕ್ಷಕರು, ಕನ್ನಡ ಮಾಧ್ಯಮ ಪ್ರೌಢಶಾಲೆ,
ಜತ್ತ ತಾಲ್ಲೂಕು, ಸಾಂಗ್ಲಿ ಜಿಲ್ಲೆ

ಇವರಿಗೆ:
ವ್ಯವಸ್ಥಾಪಕರು, ಟ್ರಾವೆಲ್ಸ್ ಕಚೇರಿ, ಸಾಂಗ್ಲಿ

ವಿಷಯ: ಒಪ್ಪಿಕೊಂಡಂತೆ ವಸ್ತುಸಂಗ್ರಹಾಲಯ ತೋರಿಸದಿರುವುದು, ಗೈಡ್ ಶುಲ್ಕ ಮರುಪಾವತಿ

ಮಾನ್ಯರೇ,

ಕಳೆದ ಶನಿವಾರ ನಮ್ಮ ಒಂಬತ್ತನೇ ಇಯತ್ತೆಯ ಮಕ್ಕಳು ನಿಮ್ಮ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಬಂದಿದ್ದರು. ನೀವು ಸಹಿ ಮಾಡಿ ಕೊಟ್ಟ ಕಾರ್ಯಕ್ರಮ ಪಟ್ಟಿಯಲ್ಲಿ 'ಟೌನ್ ಹಾಲ್ ವಸ್ತುಸಂಗ್ರಹಾಲಯ, 2 ತಾಸು, ಕನ್ನಡ ಬಲ್ಲ ಗೈಡ್ ಸಹಿತ' ಎಂದಿದೆ. ಅದಕ್ಕೆಂದೇ ತಲೆಗೆ 60 ರೂಪಾಯಿ ಬೇರೆಯಾಗಿ ಕಟ್ಟಿದ್ದೇವೆ.

ಆಗಿದ್ದೇ ಬೇರೆ. ಪನ್ಹಾಳಾ ಕೋಟೆ ಇಳಿದ ಮೇಲೆ ನಿಮ್ಮ ಡ್ರೈವರ್ ಬಸ್ಸನ್ನು ಮೊದಲು ಒಂದು ಚಪ್ಪಲ್ ಅಂಗಡಿಗೆ, ಆಮೇಲೆ ಬೆಲ್ಲದ ಅಂಗಡಿಗೆ ಹೊಡೆದರು. ಪಟ್ಟಿಯಲ್ಲಿ ಎರಡೂ ಇಲ್ಲ. ಹದಿನಾಲ್ಕು ವರ್ಷದ ಮಕ್ಕಳು ಕೊಲ್ಹಾಪುರಿ ಚಪ್ಪಲ್ ಕೊಳ್ಳುತ್ತಾರೆಯೇ? ಅಂಗಡಿಯವರಿಂದ ಯಾರಿಗೆ ಏನು ಸಿಗುತ್ತದೋ ನನಗೆ ಬೇಕಿಲ್ಲ, ಹೋದ ಹೊತ್ತು ಮಾತ್ರ ನಮ್ಮದು. ಟೌನ್ ಹಾಲ್ ಮುಟ್ಟಿದಾಗ ಬಾಗಿಲು ಹಾಕಲು ಅರ್ಧ ತಾಸು ಉಳಿದಿತ್ತು.

ಗೈಡ್ ಮರಾಠಿಯಲ್ಲಿ ಮಾತಾಡಿದರು. ನಮ್ಮ ಮಕ್ಕಳಿಗೆ ಮರಾಠಿ ಚೆನ್ನಾಗಿಯೇ ಬರುತ್ತದೆ, ಹಾಗಾಗಿ ಬರೀ ಅಷ್ಟಕ್ಕೇ ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ಅವರಿಗೆ ವಿಷಯವೂ ಗೊತ್ತಿರಲಿಲ್ಲ. ಕಂಚಿನ ಪೊಸೈಡನ್ ಮೂರ್ತಿಯ ಮುಂದೆ ನಿಂತು 'ಯಾರೋ ಋಷಿ' ಅಂದುಬಿಟ್ಟರು! ಅದು ಗ್ರೀಕರ ಸಮುದ್ರದೇವತೆ. ಕೊಲ್ಹಾಪುರದಲ್ಲೇ ಪಂಚಗಂಗಾ ನದಿ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿ ಸಿಕ್ಕಿದ್ದು. ಅದೇ ದಿಬ್ಬವನ್ನು 1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಸಾಂಕಳಿಯಾ ಮತ್ತು ದೀಕ್ಷಿತ್ ಅಗೆಸಿದಾಗ ಸಾತವಾಹನರ ಕಾಲದ ಊರೊಂದು ಹೊರಬಿತ್ತು. ಇಷ್ಟು ಒಳನಾಡಿನ ಊರಿಗೆ ರೋಮ್ ಸಾಮ್ರಾಜ್ಯದ ಕಡೆಯಿಂದ ಮೂರ್ತಿ ಹೇಗೆ ಬಂತು ಎಂಬುದನ್ನು ವಾರವಿಡೀ ತರಗತಿಯಲ್ಲಿ ನಕಾಶೆ ಹಾಕಿ ಹೇಳಿಕೊಟ್ಟಿದ್ದೆ. ಹಡಗಿನ ವ್ಯಾಪಾರ, ಪಶ್ಚಿಮ ಕರಾವಳಿಯ ಬಂದರುಗಳು, ಘಟ್ಟ ಹತ್ತುವ ದಾರಿ, ಎಲ್ಲ. ಒಬ್ಬ ಹುಡುಗಿ ಗೈಡ್‌ಗೆ 'ಇದು ಋಷಿ ಅಲ್ಲ ಸರ್' ಅಂದಳು. ಅದಕ್ಕೆ ಅವರು 'ಚಲಾ, ಚಲಾ' ಎಂದು ಮಕ್ಕಳನ್ನು ಮುಂದಕ್ಕೆ ದಬ್ಬಿದರು.

ಕನ್ನಡ ಬಲ್ಲವರನ್ನೇ ನಾವು ಕೇಳಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕೊಲ್ಹಾಪುರವನ್ನು ಆಳಿದ ಶಿಲಾಹಾರ ಅರಸರು, ಅದರಲ್ಲೂ 12ನೇ ಶತಮಾನದ ಗಂಡರಾದಿತ್ಯ, ಹಾಕಿಸಿದ ಎಷ್ಟೋ ಶಾಸನಗಳು ಕನ್ನಡದಲ್ಲಿವೆ. ಅಲ್ಲಿನ ರಾಜಾರಾಮ್ ಕಾಲೇಜಿನಲ್ಲಿ ಕನ್ನಡ ಕಲಿಸಿದ ಪ್ರೊ. ಕೆ.ಜಿ. ಕುಂದಣಗಾರರು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಹುಡುಕಿ 1939ರಲ್ಲೇ ಅಚ್ಚು ಹಾಕಿಸಿದ್ದಾರೆ. ಜತ್ತ, ಅಕ್ಕಲಕೋಟೆ ಕಡೆಯ ಮಕ್ಕಳಿಗೆ ಇದನ್ನು ಆ ಊರಲ್ಲೇ ನಿಲ್ಲಿಸಿ ಹೇಳಬೇಕಿತ್ತು.

ವಸ್ತುಸಂಗ್ರಹಾಲಯದ ಸಿಬ್ಬಂದಿಯ ಮೇಲೆ ನಮ್ಮದೇನೂ ತಕರಾರಿಲ್ಲ. ಹೊತ್ತಾದರೂ ಸಿಡುಕದೆ ಒಳಗೆ ಬಿಟ್ಟರು. ನಿಮ್ಮ ಕಚೇರಿಗೆ ಫೋನ್ ಮಾಡಿದಾಗ ಬಂದ ಉತ್ತರವೇ ಹೆಚ್ಚು ನೋವಾಗಿಸಿತು: 'ಪನ್ಹಾಳಾ ತೋರಿಸಿದೆವಲ್ಲ ಸರ್, ಮಕ್ಕಳಿಗೆ ಮ್ಯೂಸಿಯಂ ಯಾಕೆ?' ಪನ್ಹಾಳಾಕ್ಕೆ ಎಸ್‌ಟಿ ಬಸ್ಸಿನಲ್ಲೂ ಹೋಗಬಹುದಿತ್ತು. ನಿಮ್ಮನ್ನು ಹಿಡಿದದ್ದೇ ಮ್ಯೂಸಿಯಂ ಮತ್ತು ಗೈಡ್ ಸಲುವಾಗಿ.

ಆದ್ದರಿಂದ ಎಲ್ಲ ಮಕ್ಕಳ ಗೈಡ್ ಶುಲ್ಕವನ್ನು ಶಾಲೆಯ ಖಾತೆಗೆ ಪೂರ್ತಿ ವಾಪಸ್ ಮಾಡಬೇಕು. ಪಟ್ಟಿಯಲ್ಲಿಲ್ಲದ ಅಂಗಡಿಗಳಲ್ಲಿ ಬಸ್ ಯಾಕೆ ನಿಂತಿತು ಎಂಬುದಕ್ಕೆ ಲಿಖಿತ ಉತ್ತರವೂ ಬೇಕು. ದುಡ್ಡಿನ ಬದಲು ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೊಡುತ್ತೇವೆ ಎಂದು ನಿಮ್ಮವರು ಹೇಳಿದ್ದು ನಮಗೆ ಒಪ್ಪಿಗೆಯಿಲ್ಲ. ಪತ್ರ ತಲುಪಿದ 15 ದಿನಗಳಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ.

ತಮ್ಮ ವಿಶ್ವಾಸಿ,
ಇತಿಹಾಸ ಶಿಕ್ಷಕರು

ಲಗತ್ತು: ಸಹಿ ಇರುವ ಕಾರ್ಯಕ್ರಮ ಪಟ್ಟಿ, ಹಣ ಕಟ್ಟಿದ ರಸೀದಿ, ವೇಳೆ ನಮೂದಾಗಿರುವ ಪ್ರವೇಶ ಚೀಟಿಗಳ ನಕಲು