ಕೇಳದೆ ಇದ್ರೂ ಹೇಳ್ಬೇಕು ಕಣೋ: ಹಳೇ ಕಾಮಿಕ್ಸ್ ಮಾರೋಕೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದ್ದೆ. ಕಲೆಕ್ಷನ್‌ನಲ್ಲಿ ಅರ್ಧ ಆನ್‌ಲೈನ್‌ನಲ್ಲಿ ಮಾರಿಬಿಡೋಣ ಅಂತಿದೀಯ, ಅದ್ರಲ್ಲಿ ಒಂದು ಹಳೇ ಸಂಚಿಕೆಯ ಕವರ್‌ನಲ್ಲಿ ಬಣ್ಣ ಕಿತ್ತಿದ್ದ ಕಡೆ ಮುಂಚೆ ಯಾರೋ ಕಪ್ಪು ಮಾರ್ಕರ್ ತೀಡಿದಾರೆ, ನಿನಗೆ ಮಾರಿದವನು ಅದನ್ನ ಹೇಳಿರ್ಲಿಲ್ಲ, ಈಗ ನೀನು "ಫೋಟೋದಲ್ಲಿ ಕಾಣಲ್ಲ, ಕೇಳಿದ್ರೆ ಹೇಳ್ತೀನಿ, ಕೇಳದೆ ಇದ್ರೆ ನಾನ್ಯಾಕೆ ಎತ್ಲಿ" ಅಂತ ಕೇಳಿದೀಯ. ಇದೇ ಪ್ರಶ್ನೆ ಮನಸ್ಸಲ್ಲಿ ಇಟ್ಕೊಂಡು ಕೂತಿರೋರು ಬೇಕಾದಷ್ಟು ಜನ ಇದಾರೆ, ಅದಕ್ಕೇ ಎಲ್ರೂ ಓದೋ ಹಾಗೆ ಇಲ್ಲೇ ಉತ್ತರ ಬರೀತಿದೀನಿ, ನಿನ್ನ ಹೆಸರೇನೂ ಹಾಕಿಲ್ಲ.

ಹೇಳ್ಬೇಕು ಕಣೋ. ಕೇಳದೆ ಇದ್ರೂ ಹೇಳ್ಬೇಕು.

ಯಾಕೆ ಅಂದ್ರೆ ಪುಸ್ತಕ ಇರೋದು ನಿನ್ನ ಕೈಲಿ. ಅಂಗಡಿಗೆ ಹೋಗಿ ತಗೊಳ್ಳೋನು ಕವರ್ ತಿರುಗಿಸಿ ನೋಡ್ತಾನೆ, ಬೆಳಕಿಗೆ ಹಿಡೀತಾನೆ, ಸ್ಟೇಪಲ್ ತುಕ್ಕು ಹಿಡಿದಿದ್ಯಾ ನೋಡ್ತಾನೆ, ಹಾಳೆ ಮೂಸಿ ನೋಡೋರೂ ಇದಾರೆ. ಆನ್‌ಲೈನ್‌ನಲ್ಲಿ ತಗೊಳ್ಳೋನಿಗೆ ನೀನು ತೋರಿಸಿದ ನಾಲ್ಕು ಫೋಟೋ, ನೀನು ಬರೆದ ನಾಲ್ಕು ಸಾಲು, ಅಷ್ಟೇ. ಮಾರ್ಕರ್ ಇದೆ ಅಂತ ಗೊತ್ತಿಲ್ದೆ ಇರೋನು ಮಾರ್ಕರ್ ಬಗ್ಗೆ ಹೇಗೆ ಕೇಳ್ತಾನೆ ಹೇಳು? ಅದನ್ನ ಪತ್ತೆ ಹಚ್ಚೋಕೆ ಕವರ್‌ನ ಒಳಭಾಗ ನೋಡ್ಬೇಕು, ಅಲ್ಲಿ ಇಂಕ್ ಇಳಿದಿರತ್ತೆ, ಆ ಫೋಟೋ ಸಾಮಾನ್ಯವಾಗಿ ಯಾರೂ ಹಾಕೋದೇ ಇಲ್ಲ.

ಮತ್ತೆ ಇದು ಸಣ್ಣ ವಿಷಯ ಅಲ್ಲ. 2000ದಲ್ಲಿ ಶುರುವಾದ ಸಿಜಿಸಿ ಅನ್ನೋ ಗ್ರೇಡಿಂಗ್ ಕಂಪನಿ ಗೊತ್ತಲ್ಲ, ಪುಸ್ತಕಕ್ಕೆ 0.5ರಿಂದ 10ರವರೆಗೆ ನಂಬರ್ ಕೊಟ್ಟು ಪ್ಲಾಸ್ಟಿಕ್ ಡಬ್ಬೀಲಿ ಸೀಲ್ ಮಾಡಿ ಕೊಡ್ತಾರೆ, ಅಲ್ಲಿ ಸಾಮಾನ್ಯವಾಗಿ ನೀಲಿ ಲೇಬಲ್ ಬರತ್ತೆ, ಬಣ್ಣ ತೀಡಿದ್ದು, ಅಂಚು ಕತ್ತರಿಸಿದ್ದು, ಹರಿದದ್ದನ್ನ ಸೇರಿಸಿದ್ದು ಇಂಥವಕ್ಕೆ ಸಾಮಾನ್ಯವಾಗಿ ನೇರಳೆ ಲೇಬಲ್. ನಂಬರ್ ಒಂದೇ ಇದ್ರೂ ನೇರಳೆ ಲೇಬಲ್ ಪುಸ್ತಕಕ್ಕೆ ಬೆಲೆ ತುಂಬಾನೇ ಇಳಿಯತ್ತೆ. ಅಂದ್ರೆ ನೀನು ಬಿಟ್ಟುಬಿಡೋಣ ಅಂತಿರೋ ಆ ಒಂದು ಸಾಲೇ ಬೆಲೆ ನಿರ್ಧಾರ ಮಾಡೋ ಸಾಲು. ಅದನ್ನ ಹೇಳ್ದೆ ನೀಲಿ ಲೇಬಲ್ ರೇಟು ತಗೊಂಡ್ರೆ ಮಧ್ಯದ ವ್ಯತ್ಯಾಸ ತಗೊಳ್ಳೋನ ಜೇಬಿಂದ ಎತ್ಕೊಂಡ ಹಾಗೆ ತಾನೇ.

"ನನಗೂ ಹಾಗೇ ಮೋಸ ಆಗಿದೆ, ನಷ್ಟ ನಾನೇ ಯಾಕೆ ಹೊರ್ಬೇಕು" ಅಂದಿದೀಯ. ಸಿಟ್ಟು ನ್ಯಾಯವಾದದ್ದೇ, ಒಪ್ತೀನಿ. ಆದ್ರೆ ನಿನಗೆ ಮೋಸ ಮಾಡಿದವನು ಬೇರೆ, ಈಗ ನೀನು ಅದನ್ನ ತಲೆಗೆ ಕಟ್ಟೋಕೆ ಹೊರಟಿರೋದು ಇನ್ಯಾರಿಗೋ. ಮೊದಲು ಮಾರಿದವನಿಗೇ ಬರಿ, ಫೋಟೋ ಹಾಕಿ ಕೇಳು, ಅವನಿಗೂ ಗೊತ್ತಿರ್ಲಿಲ್ವೇನೋ, ಎಷ್ಟೋ ಜನ ಮರ್ಯಾದೆಯಾಗಿ ದುಡ್ಡು ವಾಪಸ್ ಕೊಡ್ತಾರೆ. ಕೊಡ್ಲಿಲ್ಲ ಅಂದ್ರೆ ಇದ್ದದ್ದು ಇದ್ದ ಹಾಗೆ ಬರೆದು ಕಮ್ಮಿಗೆ ಮಾರು. ನೋವಾಗತ್ತೆ, ಗೊತ್ತು.

ಮಾರ್ಕರ್ ಒಂದೇ ಅಲ್ಲ. ಒಳಗೆ ಪುಟ ಪೂರ್ತಿ ಇದ್ಯಾ ಎಣಿಸಿ ನೋಡು. 1974ರಲ್ಲಿ ಮಾರ್ವೆಲ್‌ನವರು ಓದುಗರ ಪತ್ರದ ಪುಟದಲ್ಲಿ ಅಂಚೆ ಚೀಟಿ ಥರದ ಸಣ್ಣ ಚಿತ್ರದ ಸ್ಟ್ಯಾಂಪ್ ಅಚ್ಚು ಹಾಕೋಕೆ ಶುರು ಮಾಡಿದ್ರು, ಕತ್ತರಿಸಿ ಅಂಟಿಸ್ಕೊಳ್ಳಿ ಅಂತ ಅವರೇ ಹೇಳಿದ್ದು, ಮಕ್ಕಳು ಕತ್ತರಿಸಿದ್ರು, ಅದ್ರಲ್ಲಿ ತಪ್ಪೇನಿದೆ. ಈಗ ನೋಡು, ವುಲ್ವರಿನ್ ಪೂರ್ತಿಯಾಗಿ ಮೊದಲು ಬಂದ ಇನ್‌ಕ್ರೆಡಿಬಲ್ ಹಲ್ಕ್ 181 ಅದೇ 1974ರದ್ದು, ಅದ್ರಲ್ಲೂ ಸ್ಟ್ಯಾಂಪ್ ಇತ್ತು. ಹೊರಗಿಂದ ಕವರ್ ಲಕಲಕ ಹೊಳೀತಾ ಇರತ್ತೆ, ಒಳಗೆ ಪುಟದಲ್ಲಿ ಚೌಕಾಕಾರದ ತೂತು. ಫೋಟೋ ನೋಡಿ ಯಾವ ದೇವರಿಗೂ ಗೊತ್ತಾಗಲ್ಲ, ತೆರೆದು ನೋಡಿದವನಿಗೆ ಮಾತ್ರ ಗೊತ್ತು. ಹಳೇ ಪುಸ್ತಕ, ತೆರೆದ್ರೆ ಬೆನ್ನು ಬಿಡತ್ತೆ ಅಂತ ಭಯ ಇದ್ರೆ "ನಾನು ಒಳಗೆ ತೆರೆದು ನೋಡಿಲ್ಲ" ಅಂತ ಬರಿ, ಅದೂ ಪ್ರಾಮಾಣಿಕ ಮಾತೇ. "ಎಲ್ಲಾ ಪುಟ ಸರಿ ಇದೆ" ಅಂತ ಊಹೆ ಮೇಲೆ ಬರೀಬೇಡ ಅಷ್ಟೇ.

ಪ್ರೆಸ್ಸಿಂಗ್ ಬಗ್ಗೆ ಕಲೆಕ್ಟರ್‌ಗಳಲ್ಲೇ ಜಗಳ ಇದೆ. ಬಿಸಿ ಮತ್ತೆ ಒತ್ತಡ ಕೊಟ್ಟು ಮಡಿಕೆ ಸರಿ ಮಾಡೋದು, ಏನೂ ಸೇರಿಸಲ್ಲ ಏನೂ ತೆಗಿಯಲ್ಲ, ಸಿಜಿಸಿ ಅದನ್ನ ರಿಸ್ಟೋರೇಶನ್, ಅಂದ್ರೆ ನೇರಳೆ ಲೇಬಲ್ ಬರೋ ಥರದ ರಿಪೇರಿ, ಅಂತ ಲೆಕ್ಕಕ್ಕೆ ತಗೊಳ್ಳಲ್ಲ. ಅದು ತಪ್ಪು ಅಂತ ನಾನೂ ಹೇಳಲ್ಲ, ಆದ್ರೆ ಮಾಡ್ಸಿದೀನಿ ಅಂತ ಗೊತ್ತಿದ್ರೆ ಒಂದು ಮಾತು ಬರಿ, ಬೇಡ ಅನ್ನೋನು ಬಿಡ್ಲಿ.

ಗ್ರೇಡ್ ವಿಷಯಕ್ಕೆ ಬಂದ್ರೆ ನನಗೆ ನಿಜವಾಗ್ಲೂ ಕೋಪ ಬರತ್ತೆ, ಯಾರು ನೋಡಿದ್ರೂ "ನಿಯರ್ ಮಿಂಟ್" ಅಂತ ಬರೆದುಬಿಡ್ತಾರೆ. ನಿಯರ್ ಮಿಂಟ್ ಅಂದ್ರೆ ಹೆಚ್ಚುಕಮ್ಮಿ ಹೊಸದರ ಹಾಗೆ, 10ರ ಆ ಸ್ಕೇಲ್‌ನಲ್ಲಿ 9.4, ಬೆನ್ನಿನ ಮೇಲೆ ಸಾಲಾಗಿ ಬಿಳಿ ಗೆರೆ ಬಿದ್ದ ಪುಸ್ತಕಕ್ಕೆ ಅದು ಸಿಗಲ್ಲ. ನೀನು ನಂಬರ್ ಹಾಕ್ದೆ ಇದ್ರೂ ಪರವಾಗಿಲ್ಲ, ದೋಷ ಬರಿ. ಕೆಳಗಿನ ಮೂಲೆ ಮೊಂಡಾಗಿದೆ, ಹಿಂದಿನ ಕವರ್ ಮೇಲೆ ಪೆನ್ನಲ್ಲಿ ಹೆಸರಿದೆ, ಹೀಗೆ. ಫೋಟೋಗೆ ಫಿಲ್ಟರ್ ಹಾಕ್ಬೇಡ, ಬಿಳಿ ಅಂಚು ಕಾಣೋ ಹಾಗೆ ಹಗಲು ಬೆಳಕಲ್ಲಿ ತೆಗಿ.

"ರೇರ್" ಅನ್ನೋ ಪದನೂ ಹಾಗೇ. 1991ರ ಎಕ್ಸ್-ಮೆನ್ ಮೊದಲ ಸಂಚಿಕೆ ಐದು ಕವರ್‌ಗಳಲ್ಲಿ ಬಂತು, 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯ್ತು, ಬಹಳ ಜನ ಮುಂದೆ ಬೆಲೆ ಬರತ್ತೆ ಅಂತ ಜೋಪಾನವಾಗಿ ಎತ್ತಿಟ್ರು, ಹಾಗಾಗಿ ಇವತ್ತಿಗೂ ಒಳ್ಳೇ ಸ್ಥಿತೀಲಿ ರಾಶಿ ರಾಶಿ ಸಿಗತ್ತೆ. ಅದನ್ನ ಹೊಸಬನೊಬ್ಬನಿಗೆ ರೇರ್ ಅಂತ ಮಾರೋದು ಸುಳ್ಳು. ಮರುಮುದ್ರಣದ ಕಥೆ ಇನ್ನೂ ಕೆಟ್ಟದ್ದು. 1938ರ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೇನ (ಸೂಪರ್‌ಮ್ಯಾನ್ ಮೊದಲು ಬಂದದ್ದು) ಡಿಸಿ ಕಂಪನಿಯವರು 1974ರಲ್ಲಿ ದೊಡ್ಡ ಸೈಜಲ್ಲಿ ಮತ್ತೆ ಅಚ್ಚು ಮಾಡಿದ್ರು, ಹೊರಗಿನ ಕವರ್ ಮೇಲೆ ಅದು ಮರುಮುದ್ರಣ ಅಂತ ಗೊತ್ತಾಗತ್ತೆ, ಕೆಲವರು ಆ ಹೊರ ಕವರ್ ಕಿತ್ತು ಒರಿಜಿನಲ್ ಅಂತ ಮಾರಿದಾರೆ. ಫೋಟೋದಲ್ಲಿ ಸೈಜ್ ಎಲ್ಲಿ ಗೊತ್ತಾಗತ್ತೆ? ನಿನ್ನ ಹತ್ರ ಇರೋ ಫ್ಯಾಕ್ಸಿಮಿಲಿ ಎಡಿಶನ್‌ಗಳಿಗೆ, ಅಂದ್ರೆ ಹಳೇ ಸಂಚಿಕೇನ ಇದ್ದ ಹಾಗೇ ಮತ್ತೆ ಅಚ್ಚು ಮಾಡಿದವಕ್ಕೆ, ಹೆಡ್ಡಿಂಗ್‌ನಲ್ಲೇ ಆ ಪದ ಹಾಕು, ಕೆಳಗೆ ಎಲ್ಲೋ ಮೂಲೇಲಿ ಅಲ್ಲ.

ಇಷ್ಟೂ ಮಾರೋನ ತಲೆ ಮೇಲೆ ಹಾಕಿದೆ ಅಂತ ಅಂದ್ಕೋಬೇಡ. ಯಾರಿಗೆ ಹೆಚ್ಚು ಗೊತ್ತೋ ಅವರು ಮೊದಲು ಬಾಯಿ ಬಿಡ್ಬೇಕು ಅನ್ನೋದು ನನ್ನ ಲೆಕ್ಕ, ಕೆಲವು ಸಲ ಹೆಚ್ಚು ಗೊತ್ತಿರೋನು ತಗೊಳ್ಳೋನೇ ಆಗಿರ್ತಾನೆ. ತೀರಿಕೊಂಡ ಅಪ್ಪನ ಪೆಟ್ಟಿಗೇನ ಮಗಳು ಒಟ್ಟಿಗೆ ಮಾರೋಕೆ ಇಟ್ಟಿರ್ತಾಳೆ, ಇವೆಲ್ಲಾ ಎಷ್ಟು ಬಾಳ್ಬಹುದು ಅಂತ ನಿನ್ನನ್ನೇ ಕೇಳ್ತಾಳೆ, ಅದ್ರ ಮಧ್ಯೆ ಒಂದು ಭಾರೀ ಬೆಲೆಯ ಸಂಚಿಕೆ ನಿನ್ನ ಕಣ್ಣಿಗೆ ಬಿದ್ದಿರತ್ತೆ. ಆಗ ಏನ್ ಹೇಳ್ತೀಯ? ವರ್ಷಗಟ್ಟಲೆ ಓದಿ ಕಲಿತಿದ್ದಕ್ಕೆ ಕೂಲಿ ಬೇಡ್ವಾ ಅಂತ ವಾದ ಮಾಡೋರನ್ನ ನೋಡಿದೀನಿ. ವ್ಯಾಪಾರಿ ವ್ಯಾಪಾರಿ ಮಧ್ಯೆ ಆ ವಾದ ನಡೀಲಿ, ಅವನೂ ನೋಡ್ಕೋಬೇಕಿತ್ತು. ನಂಬಿ ಕೇಳಿದವರ ಹತ್ರ ಅದು ನಡೆಯಲ್ಲ. ಇದು ಇಷ್ಟು ಬಾಳತ್ತೆ, ನಾನು ಇಷ್ಟು ಕೊಡಬಲ್ಲೆ, ಬೇರೆ ಕಡೇನೂ ವಿಚಾರಿಸಿ ಅಂತ ಹೇಳಿದ್ರೆ ನಿನ್ನ ಗಂಟೇನೂ ಹೋಗಲ್ಲ, ಬಹಳ ಸಲ ಅವರು ನಿನಗೇ ಕೊಡ್ತಾರೆ.

ಹರಾಜಲ್ಲಿ ಗೆದ್ದು ದುಡ್ಡು ಕೊಡದೆ ಮಾಯ ಆಗೋದು, ಒಳ್ಳೇ ಪ್ರತಿ ಇಟ್ಕೊಂಡು ತನ್ನ ಹಳೇ ಹರಕಲು ಪ್ರತಿ ರಿಟರ್ನ್ ಮಾಡೋದು, ಇವೆಲ್ಲಾ ನೇರ ಕಳ್ಳತನ, ಹೆಚ್ಚು ಹೇಳೋದೇನಿಲ್ಲ. ಸೀಲ್ ಇದ್ದ ಮಾತ್ರಕ್ಕೆ ಕಣ್ಮುಚ್ಚಿ ನಂಬೋಕೂ ಆಗಲ್ಲ, 2023ರ ಕೊನೆ 2024ರ ಶುರುವಿನಲ್ಲಿ ಸಿಜಿಸಿ ಡಬ್ಬಿಗಳಲ್ಲೇ ಪುಸ್ತಕ ಬದಲಾಯಿಸಿದ ಹಗರಣ ಹೊರಗೆ ಬಂತಲ್ಲ, ಹಾಗಾಗಿ ನೀನು ಸೀಲ್ ಆಗಿರೋದು ಮಾರುವಾಗ ಸರ್ಟಿಫಿಕೇಟ್ ನಂಬರ್ ಸ್ಪಷ್ಟವಾಗಿ ಕಾಣೋ ಹಾಗೆ ಫೋಟೋ ಹಾಕು, ತಗೊಳ್ಳೋನು ಕಂಪನಿ ಸೈಟಲ್ಲಿ ಹೋಲಿಸಿ ನೋಡ್ಲಿ.

ಇನ್ನು ಕಳಿಸೋದು. ಒಳಗೆ ಬೋರ್ಡ್ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಎರಡೂ ಕಡೆ ಪುಸ್ತಕಕ್ಕಿಂತ ದೊಡ್ಡ ಗಟ್ಟಿ ರಟ್ಟು ಇಟ್ಟು, ಟೇಪಿನ ತುದಿ ಮಡಚಿ ಹಾಕು. ಇಲ್ಲಾಂದ್ರೆ ಬಿಚ್ಚೋ ಆತುರದಲ್ಲಿ ಅಂಟು ಪುಸ್ತಕಕ್ಕೇ ಹತ್ಕೊಂಡು ಬರತ್ತೆ. ಅವನ ಕೈ ಸೇರೋವರೆಗೂ ಅದು ನಿನ್ನ ಜವಾಬ್ದಾರಿ, ಬೆಲೆಬಾಳೋದಾದ್ರೆ ಇನ್ಶೂರೆನ್ಸ್ ಮಾಡ್ಸು.

ನಿನ್ನ ಪುಸ್ತಕಕ್ಕೆ ಹೀಗೆ ಬರೀಬಹುದು ನೋಡು: "ಮುಂದಿನ ಕವರ್‌ನಲ್ಲಿ ಬಣ್ಣ ಹೋದ ಕಡೆ ಹಿಂದಿನ ಓನರ್ ಯಾರೋ ಕಪ್ಪು ಮಾರ್ಕರ್ ತೀಡಿದ್ದಾರೆ, ಕವರ್ ಒಳಗಡೆಯ ಫೋಟೋದಲ್ಲಿ ಕಾಣುತ್ತೆ. ಗ್ರೇಡಿಂಗ್‌ಗೆ ಕಳಿಸಿದರೆ ನೇರಳೆ ಲೇಬಲ್ ಬರುವ ಸಾಧ್ಯತೆ ಇದೆ, ಬೆಲೆ ಅದಕ್ಕೆ ತಕ್ಕಂತೆ ಇಟ್ಟಿದ್ದೇನೆ." ಓದಕ್ಕೆ ಮಾತ್ರ ಬೇಕು ಅನ್ನೋರು, ಆ ಕಥೆ ಮೇಲೆ ಪ್ರೀತಿ ಇದ್ದೂ ನೀಲಿ ಲೇಬಲ್ ರೇಟು ಕೊಡೋಕಾಗದೆ ಇರೋರು ತುಂಬಾ ಜನ ಇದಾರೆ, ಖುಷಿಯಾಗಿ ತಗೋತಾರೆ.

ಹಾಕೋಕೆ ಮುಂಚೆ ಕವರ್ ಒಳಭಾಗದ ಫೋಟೋ ನನಗೊಮ್ಮೆ ಕಳಿಸು, ಇಂಕ್ ಎಲ್ಲೆಲ್ಲಿ ಇಳಿದಿದೆ ಅಂತ ಇಬ್ರೂ ಸೇರಿ ನೋಡೋಣ. ಮಧ್ಯದ ಹಾಳೆ ಸ್ಟೇಪಲ್‌ನಿಂದ ಬಿಟ್ಟಿದ್ಯಾ ಅಂತಾನೂ ನೋಡಿ ಹೇಳು.

ನಿನ್ನ ಗೆಳೆಯ